ಎರಡು ತಾಲ್ಲೂಕುಗಳಲ್ಲಿ ಇಲ್ಲದ ವಿಷಯ

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ ಜೂನ್ ಇಪ್ಪತ್ತನೆಯ ತಾರೀಖು ಶುಕ್ರವಾರ ಮಧ್ಯಾಹ್ನ ಮೂರೂವರೆ ಗಂಟೆಗೆ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಎಲ್ಲೆಯೊಳಗೆ ಲೈಂಗಿಕತೆ ಎಂಬುದು ಎಲ್ಲಿಯೂ ಇಲ್ಲವೆಂದು ಸರ್ಕಾರಿ ಮೊಹರಿನೊಂದಿಗೆ ದೃಢಪಟ್ಟಿತು. ಅದೇ ದಿನ ಎರಡೂ ತಾಲ್ಲೂಕುಗಳಲ್ಲಿ ಸೇರಿ ಹನ್ನೊಂದು ಮಕ್ಕಳು ಹುಟ್ಟಿದವು. ಈ ಎರಡು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂಬುದನ್ನು ಯೋಗ್ಯ ಅಧಿಕಾರಿಗಳು ಆಮೇಲೆ ವಿವರಿಸಿದ್ದಾರೆ. ನಾನು ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಇದಕ್ಕೆಲ್ಲ ಮೂಲ ಶಿರಾಳಕೊಪ್ಪದ ಮೆಣಸಿನಕಾಯಿ ಮಂಡಿ ವೀರಬಸಪ್ಪನವರ ಮಗಳು ನೀಲಾಂಬಿಕ. ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಎಂ.ಎ. ಎರಡನೆಯ ವರ್ಷ ಓದುತ್ತಿದ್ದಳು. ಊರಿನಿಂದ ಅಷ್ಟು ದೂರ ಓದಲು ಹೋದ ಮೊದಲ ಹೆಣ್ಣುಮಗಳು ಅವಳೇ. ಮನಶ್ಶಾಸ್ತ್ರವೆಂದರೆ ಮನಶ್ಶಾಂತಿಗೆ ಸಂಬಂಧಪಟ್ಟದ್ದೆಂದು ವೀರಬಸಪ್ಪನವರು ನಂಬಿದ್ದರು, ಮಂಡಿಗೆ ಬಂದವರಿಗೂ ಹಾಗೆಯೇ ಹೇಳಿದ್ದರು.

ಆ ವರ್ಷ ವಿಭಾಗದಲ್ಲಿ ‘ಮಾನವ ಲೈಂಗಿಕತೆಯ ಮನೋವಿಜ್ಞಾನ’ ಎಂಬ ಹೊಸ ಐಚ್ಛಿಕ ಪತ್ರಿಕೆ ಶುರುವಾಗಿತ್ತು. ಅದನ್ನು ಸಭೆಯಲ್ಲಿ ಮಂಡಿಸಿದ ಪ್ರೊಫೆಸರರು, ಸದಸ್ಯರೆಲ್ಲ ಊಟಕ್ಕೆ ಏಳುವ ಹೊತ್ತನ್ನು ನೋಡಿಕೊಂಡು ಕಾರ್ಯಸೂಚಿಯ ಕೊನೆಯ ಸಾಲಾಗಿ ಓದಿದ್ದರಿಂದ ಅದು ಸರ್ವಾನುಮತದಿಂದ ಅಂಗೀಕಾರವಾಯಿತು. ತರಗತಿಯಲ್ಲಿದ್ದವರು ಹತ್ತು ಮಂದಿ. ಅವರಲ್ಲಿ ಒಂಬತ್ತು ಮಂದಿ ಗಂಡಸರು. ಅಷ್ಟೂ ಗಂಡಸರು ಮನೆಯವರ ಒಪ್ಪಿಗೆ ಸಿಗದೆ ‘ಕಾರ್ಖಾನೆಯ ಮನೋವಿಜ್ಞಾನ’ ತೆಗೆದುಕೊಂಡರು. ನೀಲಾಂಬಿಕ ಮನೆಯವರನ್ನು ಕೇಳಲಿಲ್ಲ. ಕೇಳಲು ಬೇಕಾದ ಪದ ಅವರ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ.

ಪ್ರೊಫೆಸರರು ಧೈರ್ಯವಂತರು. ಒಬ್ಬಳೇ ವಿದ್ಯಾರ್ಥಿನಿಗೆ ವಾರಕ್ಕೆ ಎರಡು ದಿನ, ಒಂದು ತರಗತಿಯನ್ನೂ ತಪ್ಪಿಸದೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಪಾಠ ಮಾಡಿದರು. ವಿಷಯದ ಹೆಸರು ಬರುವಲ್ಲೆಲ್ಲ ‘ಪ್ರಸ್ತುತ ವಿಷಯ’ ಎನ್ನುತ್ತಿದ್ದರು. ಮಾರ್ಚ್ ಹೊತ್ತಿಗೆ ನೀಲಾಂಬಿಕಳಿಗೆ ಪ್ರಸ್ತುತ ವಿಷಯಕ್ಕಿಂತ ಪ್ರೊಫೆಸರರ ಬೆನ್ನು ಹೆಚ್ಚು ಪರಿಚಯವಾಗಿತ್ತು. ಪರೀಕ್ಷೆಯ ಭಾಗವಾಗಿ ಅವಳು ಒಂದು ಪ್ರಬಂಧ ಬರೆಯಬೇಕಾಗಿತ್ತು. ಅದಕ್ಕಾಗಿ ಪ್ರೊಫೆಸರರು ಇನ್ನೂರು ಅಚ್ಚು ಹಾಕಿಸಿದ ನಮೂನೆಗಳನ್ನು ಕೊಟ್ಟರು. ಒಂದೊಂದರಲ್ಲೂ ನಲವತ್ತು ಪ್ರಶ್ನೆ. ಅವಳು ತನ್ನ ಸೀಮೆಯ ಇನ್ನೂರು ಗೃಹಸ್ಥರನ್ನು ಕೇಳಿ ತುಂಬಿಸಿಕೊಂಡು ಬರಬೇಕು, ಪ್ರತಿಯೊಂದರ ಮೇಲೂ ಸರ್ಕಾರಿ ಅಧಿಕಾರಿಯ ಮೊಹರು ಹಾಕಿಸಬೇಕು.

“ಮೊಹರು ಇಲ್ಲದ್ದು ಹರಟೆ, ಇದ್ದದ್ದು ಮಾಹಿತಿ” ಎಂದರು ಪ್ರೊಫೆಸರರು, ಕಿಟಕಿಗೆ.

ಏಪ್ರಿಲ್ ರಜೆಗೆ ನೀಲಾಂಬಿಕ ನಮೂನೆಗಳ ಕಟ್ಟು ಹೊತ್ತುಕೊಂಡು ಶಿರಾಳಕೊಪ್ಪದ ಬಸ್ಸಿಳಿದಳು. ಮಗಳು ಏನು ಓದುತ್ತಾಳೆಂದು ನೋಡುವ ಆಸೆಯಿಂದ ವೀರಬಸಪ್ಪನವರು ಒಂದು ನಮೂನೆ ತೆಗೆದುಕೊಂಡು ಜಗಲಿಯ ಮೇಲೆ ಕೂತರು.

“‘ದಾಂಪತ್ಯ ಜೀವನದ ಮನೋವೈಜ್ಞಾನಿಕ ಸಮೀಕ್ಷೆ.’ ಭೇಷ್. ಸಂಸಾರದ ಬಗ್ಗೆ ಓದೋದು ಒಳ್ಳೇದು ನೀಲಾ” ಎಂದರು.

ಮೊದಲನೆಯ ಪ್ರಶ್ನೆ ವಯಸ್ಸು. ಎರಡನೆಯದು ಮದುವೆಯಾದ ವರ್ಷ. ಒಂಬತ್ತನೆಯದನ್ನು ಓದುವಾಗ ಅವರು ಕನ್ನಡಕ ತೆಗೆದರು. “ಬೆಳಕು ಸಾಲದು” ಎಂದರು. ಆಗ ಬೆಳಗಿನ ಹತ್ತೂವರೆ. ನಮೂನೆಯನ್ನು ಕೆಳಗಿಟ್ಟು ಅವರು ಮಂಡಿಗೆ ಹೋದರು, ಆವತ್ತು ಮಂಡಿಗೆ ರಜೆಯಿದ್ದರೂ.

ತಾಯಿ ರಾಜೇಶ್ವರಮ್ಮ ಬಂದು ಅದೇ ನಮೂನೆಯನ್ನು ಎತ್ತಿಕೊಂಡರು. ಬಾಗಿಲಿಗೆ ಒರಗಿ ನಿಂತು ನಲವತ್ತೂ ಪ್ರಶ್ನೆಗಳನ್ನು ನಿಧಾನವಾಗಿ ಓದಿದರು. ಎರಡು ಕಡೆ ನಕ್ಕರು, ಒಂದು ಪ್ರಶ್ನೆಯನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅವ್ವಾ, ಅದು ಎಣಿಕೆ ಹಾಳೆ. ವಾಪಸ್ ಕೊಡಬೇಕು.”

“ನೂರಾ ತೊಂಬತ್ತೊಂಬತ್ತು ಇದಾವಲ್ಲ. ಇದನ್ನ ಗಂಡಸರನ್ನ ಕೇಳ್ತೀಯೇನೇ?”

“ಗೃಹಸ್ಥರನ್ನ ಕೇಳಿ ಅಂತ ಹೇಳಿದಾರೆ.”

“ಕೇಳು. ಅವರು ಏನು ಹೇಳ್ತಾರೋ ನಂಗೂ ತಿಳ್ಕೋಬೇಕು” ಎಂದು ರಾಜೇಶ್ವರಮ್ಮ ಒಳಗೆ ಹೋದರು.

ಮೊಹರು ಬೇಕಾಗಿದ್ದರಿಂದ ನೀಲಾಂಬಿಕ ಮೊದಲು ಶಿಕಾರಿಪುರ-ಸೊರಬ ಜಂಟಿ ಗ್ರಾಮಕ್ಷೇಮ ಕಚೇರಿಗೆ ಹೋದಳು. ಈ ಕಚೇರಿಯನ್ನು ಶಿಕಾರಿಪುರದಲ್ಲಿಟ್ಟರೆ ಸೊರಬದವರು ಒಪ್ಪುತ್ತಿರಲಿಲ್ಲ, ಸೊರಬದಲ್ಲಿಟ್ಟರೆ ಶಿಕಾರಿಪುರದವರು ಬರುತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ಸಮನಾಗಿ ಅನನುಕೂಲವಾಗುವಂತೆ ಶಿರಾಳಕೊಪ್ಪದ ಒಂದು ಬೆಲ್ಲದ ಗೋದಾಮಿನ ಮಹಡಿಯ ಮೇಲೆ ಇಟ್ಟಿದ್ದರು. ಕೆಳಗಿನ ಶಾಖಕ್ಕೆ ಕಡತಗಳೆಲ್ಲ ಸ್ವಲ್ಪ ಅಂಟುತ್ತಿದ್ದವು. ವಿಶೇಷಾಧಿಕಾರಿಗಳು ಒಳಕೋಣೆಯಲ್ಲಿರುತ್ತಿದ್ದರು. ಹೊರಗೆ ಶಿಕಾರಿಪುರದ ಮೇಜಿಗೆ ಹೆಡ್ ಗುಮಾಸ್ತ ಗಂಗಾಧರಪ್ಪನವರು, ಎದುರಿನ ಸೊರಬದ ಮೇಜಿಗೆ ಗುಮಾಸ್ತ ಆನಂದಪ್ಪನವರು. ಇಬ್ಬರೂ ಒಬ್ಬರಿಗೊಬ್ಬರು ಅಂಚೆಯ ಮೂಲಕ ವ್ಯವಹರಿಸುತ್ತಿದ್ದರು.

ಗಂಗಾಧರಪ್ಪನವರು ನಮೂನೆಯ ತಲೆಬರಹ ಓದಿದರು. ಪ್ರಶ್ನೆಗಳ ಮೇಲೆ ಕೈಯಿಟ್ಟು ಮುಚ್ಚಿದರು.

“ಇದನ್ನ ಯಾವ ಬಾಬಿಗೆ ಹಾಕಬೇಕಮ್ಮ? ನಮ್ಮಲ್ಲಿ ಇರೋದು ನಾಲ್ಕು. ಬಾವಿ, ದನಕರು, ಬಿತ್ತನೆ ಬೀಜ, ಸಾಂಕ್ರಾಮಿಕ ರೋಗ.”

“ಯಾವುದಕ್ಕೂ ಬರಲ್ಲ ಸಾರ್.”

“ಬರಲೇಬೇಕು. ಬಾಬು ಇಲ್ಲದ ವಿಷಯ ಲೋಕದಲ್ಲಿ ಇಲ್ಲ” ಎಂದು ಗಂಗಾಧರಪ್ಪನವರು ಬಹಳ ಹೊತ್ತು ಯೋಚಿಸಿ, ಕಡತದ ಮೇಲೆ ‘ಬಿತ್ತನೆ ಬೀಜ’ ಎಂದು ಬರೆದರು. “ಈಗ ಇನ್ನೊಂದು ತೊಡಕು. ಈ ಪ್ರಸ್ತುತ ವಿಷಯ ನಮ್ಮ ಎಲ್ಲೆಯಲ್ಲಿ ಇದೆಯೋ ಇಲ್ಲವೋ?”

“ಇದೆ ಅಂದ್ಕೊಂಡೇ ಅಲ್ವಾ ಸಾರ್, ಕೇಳೋಕೆ ಬಂದಿರೋದು?”

“ಹಾಗೆ ಅಂದ್ಕೊಳ್ಳೋಕೆ ಬರಲ್ಲ ತಂಗಿ. ಎರಡು ವರ್ಷದ ಕೆಳಗೆ ಆನೆಕಾಲು ರೋಗ ಇದೆ ಅಂದ್ಕೊಂಡು ಔಷಧಿ ತರಿಸಿಬಿಟ್ವಿ. ರೋಗಿಗಳೇ ಸಿಗಲಿಲ್ಲ. ಕಡೆಗೆ ಸ್ವಸ್ಥರಿಗೆ ಕುಡಿಸಿ ಖಾಲಿ ಮಾಡಬೇಕಾಯ್ತು. ಮೊದಲು ಇದೆಯೋ ಇಲ್ಲವೋ ಅಂತ ಗ್ರಾಮವಾರು ವರದಿ ತರಿಸ್ತೀನಿ. ಇದ್ದರೆ ನೀವು ಹೋಗಿ ಕೇಳಿ. ಅಲ್ಲೀವರೆಗೆ ಕಟ್ಟು ಇಲ್ಲೇ ಇರಲಿ.”

ಮೂರು ದಿನಗಳಲ್ಲಿ ಎರಡೂ ತಾಲ್ಲೂಕುಗಳ ಎಲ್ಲ ಶಾನುಭೋಗರಿಗೆ ಸುತ್ತೋಲೆ ಹೋಯಿತು. ಅದರ ಒಕ್ಕಣೆ ಹೀಗಿತ್ತು:

‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮ ಗ್ರಾಮದ ಎಲ್ಲೆಯೊಳಗೆ ಲೈಂಗಿಕತೆ ಇದೆಯೇ ಎಂಬುದನ್ನು ಖುದ್ದಾಗಿ ಪರಿಶೀಲಿಸಿ ವರದಿ ಸಲ್ಲಿಸತಕ್ಕದ್ದು. ಇದ್ದಲ್ಲಿ ಅದರ ವಿಸ್ತೀರ್ಣ, ಯಾರ ಸ್ವಾಧೀನದಲ್ಲಿದೆ, ಎಷ್ಟು ವರ್ಷದಿಂದ ಇದೆ, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ವಿವರಗಳನ್ನು ನಮೂದಿಸತಕ್ಕದ್ದು. ಇಲ್ಲದಿದ್ದಲ್ಲಿ ‘ಇಲ್ಲ’ ಎಂದು ಬರೆದರೆ ಸಾಕು.’

ಸರ್ಕಾರ ಯಾವುದಾದರೂ ಇದೆಯೇ ಎಂದು ಕೇಳಿದರೆ, ಇದೆ ಎಂದವನಿಗೆ ಮುಂದಿನ ವರ್ಷ ಕಂದಾಯ ಬರುತ್ತದೆಂಬುದು ಆ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಸೊರಬದ ಜಡೆ ಗ್ರಾಮದಲ್ಲಿ ಡಂಗುರ ಸಾರಿಸಿ, ಇದ್ದವರು ಸಂಜೆಯೊಳಗೆ ಚಾವಡಿಗೆ ಬಂದು ಹೇಳಬೇಕೆಂದು ತಿಳಿಸಲಾಯಿತು. ಯಾರೂ ಬರಲಿಲ್ಲ. ‘ಇಲ್ಲ. ಹಿಂದೆ ಇತ್ತೆಂದು ಕೆಲವು ವೃದ್ಧರ ಹೇಳಿಕೆ’ ಎಂದು ವರದಿ ಬಂತು. ಚಂದ್ರಗುತ್ತಿಯವರು ‘ಬೆಟ್ಟದ ಮೇಲೂ ಹತ್ತಿ ನೋಡಲಾಯಿತು. ಕಾಣಲಿಲ್ಲ’ ಎಂದು ಬರೆದರು. ಒಂದೇ ಒಂದು ಹಳ್ಳಿಯ ಶಾನುಭೋಗರು, ಇದು ಹೊಸ ಬೆಳೆಯಿರಬೇಕು, ಸಹಾಯಧನ ಬಂದರೂ ಬರಬಹುದು ಎಂಬ ದೂರಾಲೋಚನೆಯಿಂದ ‘ಇದೆ. ಎರಡು ಎಕರೆ ಹದಿನಾಲ್ಕು ಗುಂಟೆ. ಖುಷ್ಕಿ’ ಎಂದು ಬರೆದು ಕಳಿಸಿದರು. ಮಾದರಿಯೊಂದಿಗೆ ಕಚೇರಿಗೆ ಹಾಜರಾಗಬೇಕೆಂದು ಅವರಿಗೆ ನೋಟೀಸು ಹೋಯಿತು. ಶಾನುಭೋಗರು ಮಾರನೆಯ ದಿನವೇ ಬಂದು, ತಾವು ಬರೆದದ್ದು ಹುರುಳಿಯ ಬಗ್ಗೆ ಎಂದು ತಪ್ಪೊಪ್ಪಿಗೆ ಬರೆದುಕೊಟ್ಟರು.

ಈ ವರದಿಗಳು ಬರುವವರೆಗೆ ಕಾಯುತ್ತ ಕೂತಿದ್ದ ನೀಲಾಂಬಿಕಳನ್ನು ರಾಜೇಶ್ವರಮ್ಮ ಒಂದು ಮಧ್ಯಾಹ್ನ ಎಬ್ಬಿಸಿದರು.

“ನಿನ್ನ ಪುಸ್ತಕ ತಗೊಂಡು ಬಾ. ಸರ್ವರ್ ಬೀ ಮನೆಗೆ ಹೋಗೋಣ.”

ಸರ್ವರ್ ಬೀ ಊರಿನ ಸೂಲಗಿತ್ತಿ. ಮೂವತ್ತು ವರ್ಷಗಳಲ್ಲಿ ಶಿರಾಳಕೊಪ್ಪದ ಅರ್ಧ ಜನವನ್ನು ಅವರೇ ಎತ್ತಿಕೊಂಡಿದ್ದರು. ಲಿಂಗ ಕಟ್ಟುವವರ ಮನೆ, ಸುನ್ನತಿ ಮಾಡುವವರ ಮನೆ ಎಂಬ ಭೇದ ಅವರಿಗೆ ಇರಲಿಲ್ಲ; ಎಲ್ಲ ಮನೆಯ ಅಡಿಗೆಯೂ ಅವರಿಗೆ ಗೊತ್ತು, ಎಲ್ಲ ಮನೆಯ ಗುಟ್ಟೂ. ನೀಲಾಂಬಿಕಳನ್ನು ಭೂಮಿಗೆ ತಂದವರೂ ಅವರೇ. ಆ ಮಧ್ಯಾಹ್ನ ಅವರ ಹಿತ್ತಲ ಚಪ್ಪರದ ಕೆಳಗೆ ಆರೇಳು ಹೆಂಗಸರು ಕೂತಿದ್ದರು: ದರ್ಜಿ ಮಸ್ತಾನ್ ಸಾಬರ ಹೆಂಡತಿ ಅಕ್ತರ್ ಬೀ, ಗಾಡಿ ಹೊಡೆಯುವವರ ಮನೆಯ ತಾಯಮ್ಮ, ಬಸ್ ಏಜೆಂಟರ ಹೆಂಡತಿ ಯಮುನಮ್ಮ, ಇನ್ನೂ ಕೆಲವರು.

ರಾಜೇಶ್ವರಮ್ಮ ಸೊಂಟದಿಂದ ತೆಗೆದುಕೊಟ್ಟ ನಮೂನೆಯನ್ನು ಬಿಡಿಸಿ ನೀಲಾಂಬಿಕ ಪ್ರಶ್ನೆಗಳನ್ನು ಓದಲು ಶುರುಮಾಡಿದಳು. ಅವಳೂ ಮೊದಲು ಹಿತ್ತಲ ಬಾವಿಯ ಕಡೆ ಮುಖ ಮಾಡಿಕೊಂಡೇ ಓದಿದಳು. ಹಾಗೆ ಕಲಿತಿದ್ದಳು.

“ಬಾವಿ ಏನು ಹೇಳ್ತದೆ ಬೇಟಿ? ಈ ಕಡೆ ತಿರುಗಿ ಕೇಳು” ಎಂದರು ಸರ್ವರ್ ಬೀ.

ಅವಳು ತಿರುಗಿದಳು. “ಹದಿನಾರನೇ ಪ್ರಶ್ನೆ. ನಿಮ್ಮ ಇಚ್ಛೆಯನ್ನು ಪತಿಗೆ ವ್ಯಕ್ತಪಡಿಸುತ್ತೀರಾ? ಹೌದಾದರೆ ಹೇಗೆ?”

ಯಮುನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು. “ಬೇಕು ಅಂದ್ರೆ ಹೂ ಮುಡ್ಕೋತೀನಿ. ಬೇಡ ಅಂದ್ರೆ ಹಣೆಗೆ ಶುಂಠಿ ತೇದು ಹಚ್ಕೋತೀನಿ. ಅವರು ಬಾಗಿಲಲ್ಲೇ ಮೂಸಿ ನೋಡಿ ಜಗಲಿಗೆ ಚಾಪೆ ಹಾಕ್ಕೋತಾರೆ.”

“ಅಯ್ಯೋ, ನಮ್ಮನೇಲೂ ಶುಂಠೀನೇ!” ಎಂದಳು ಅಕ್ತರ್ ಬೀ. “ಅದಕ್ಕೇ ಸಂತೇಲಿ ಅಷ್ಟು ಬೇಗ ಮುಗಿದುಹೋಗ್ತದೆ.”

ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಮಾತು ತಾನಾಗಿ ಬಂತು. ಮೂರು ಮಧ್ಯಾಹ್ನ ಬಂತು. ಹದಿನಾಲ್ಕಕ್ಕೆ ಮದುವೆಯಾಗಿ ಏನೂ ತಿಳಿಯದೆ ಅಟ್ಟ ಹತ್ತಿ ಕೂತವಳ ಕತೆ, ಗಂಡನ ಮೇಲೆ ಜೀವವಿದ್ದರೂ ಮತ್ತೊಂದು ಬಸುರಿನ ಹೆದರಿಕೆಗೆ ದೂರ ಮಲಗುವವಳ ಕತೆ, ನಲವತ್ತು ದಾಟಿದ ಮೇಲೆ ಮೊದಲ ಸಲ ಸುಖವೆಂಬುದು ಗೊತ್ತಾಯಿತು ಎಂದವಳ ಕತೆ. ನೀಲಾಂಬಿಕ ಎರಡು ನೋಟ್‌ಬುಕ್ ತುಂಬ ಬರೆದುಕೊಂಡಳು. ಗಂಡಸರನ್ನೂ ಕೇಳಬೇಕಲ್ಲ ಎಂದಾಗ ಸರ್ವರ್ ಬೀ, “ಕೇಳು. ಅವರು ಹೇಳೋದರಲ್ಲಿ ಅರ್ಧ ಸುಳ್ಳು. ಉಳಿದ ಅರ್ಧ ಅವರಿಗೇ ಗೊತ್ತಿಲ್ಲ” ಎಂದರು.

ಮೂರನೆಯ ದಿನ ತಾಯಮ್ಮ ತಾನಾಗಿ ಬಾಯಿಬಿಟ್ಟಳು. ಹಿಂದಿನ ವರ್ಷ ಅವಳ ಹೆರಿಗೆ ಕಷ್ಟವಾಗಿ, ಸರ್ವರ್ ಬೀ ಕೈಲೂ ಆಗದೆ, ಗಾಡಿಯಲ್ಲಿ ಶಿಕಾರಿಪುರಕ್ಕೆ ಸಾಗಿಸುವ ದಾರಿಯಲ್ಲಿ ಮಗು ಹೋಗಿತ್ತು. ಈಗ ಮತ್ತೆ ಎರಡು ತಿಂಗಳು. “ನನ್ನನ್ನ ಇಷ್ಟು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ ನೀಲಮ್ಮ. ನೀನು ಕೇಳಿದೆ. ಬರ್ಕೋ” ಎಂದಳು.

“ಈ ಸಲ ಹೆದರಬೇಡ” ಎಂದರು ಸರ್ವರ್ ಬೀ. “ನಮ್ಮೂರಿಗೆ ಆರು ಹಾಸಿಗೆ ಹೆರಿಗೆ ವಾರ್ಡು ಮಂಜೂರಾಗಿದೆ. ಡಿಸೆಂಬರಿಗೆ ಬಂದುಬಿಡ್ತದೆ. ಡಾಕ್ಟರು, ನರ್ಸು, ಎಲ್ಲ.”

ಜೂನ್ ತಿಂಗಳಲ್ಲಿ ಕಚೇರಿಯ ವರದಿ ಸಿದ್ಧವಾಯಿತು. ಅದು ಎರಡು ವಾರ ತಡವಾದದ್ದು ಸೊರಬದ ಮೇಜಿನಿಂದ. ಶಿಕಾರಿಪುರ ತಾಲ್ಲೂಕಿನಲ್ಲಿ ‘ಇಲ್ಲ’ ಎಂದು ಗಂಗಾಧರಪ್ಪನವರು ಬರೆದಿದ್ದನ್ನು ನೋಡಿ ಆನಂದಪ್ಪನವರು ಸೊರಬದಲ್ಲಿ ‘ಪೂರ್ತಿ ಇಲ್ಲ’ ಎಂದು ಬರೆದರು. ಗಂಗಾಧರಪ್ಪನವರು ತಮ್ಮದನ್ನು ಹೊಡೆದುಹಾಕಿ ‘ಎಂದೂ ಇರಲಿಲ್ಲ’ ಎಂದು ತಿದ್ದಿದರು. ಆನಂದಪ್ಪನವರು ‘ಇನ್ನು ಮುಂದೆಯೂ ಇರುವುದಿಲ್ಲ’ ಎಂದು ಸೇರಿಸಿದರು. ವಿಶೇಷಾಧಿಕಾರಿಗಳು ಇಬ್ಬರನ್ನೂ ಕರೆಸಿ, ನೆರೆಹೊರೆಯ ತಾಲ್ಲೂಕುಗಳು ಹೀಗೆ ಪೈಪೋಟಿ ಮಾಡುವುದು ಸರಿಯಲ್ಲವೆಂದು ಬುದ್ಧಿ ಹೇಳಿ, ಎರಡಕ್ಕೂ ಸಮನಾಗಿ ‘ನಿಶ್ಶೇಷವಾಗಿ ಇಲ್ಲ’ ಎಂದು ಬರೆಸಿದರು.

ನೀಲಾಂಬಿಕ ಮೊಹರಿಗೆ ಹೋದಾಗ ಗಂಗಾಧರಪ್ಪನವರು ನಮೂನೆಗಳ ಕಟ್ಟನ್ನು ಅವಳ ಮುಂದಿಟ್ಟರು. ಎಲ್ಲವೂ ತುಂಬಿದ್ದವು. ನಲವತ್ತು ಕಾಲಂಗಳಲ್ಲೂ ‘ಇಲ್ಲ’. ಕೈಯಲ್ಲಿ ಬರೆದು ಪೂರೈಸದೆ ಅದಕ್ಕೆಂದೇ ಒಂದು ರಬ್ಬರ್ ಮುದ್ರೆ ಮಾಡಿಸಿದ್ದರು. ‘ವಯಸ್ಸು’ ಎಂಬಲ್ಲಿ ಇಲ್ಲ. ‘ಮಕ್ಕಳು’ ಎಂಬಲ್ಲಿಯೂ ಇಲ್ಲ.

“ಸಾರ್, ಇದು ಸುಳ್ಳು” ಎಂದಳು ನೀಲಾಂಬಿಕ.

“ಸುಳ್ಳು ಅನ್ನಬೇಡಿ ತಂಗಿ, ಮೊಹರು ಬಿದ್ದಿದೆ.”

“ನಿಮಗೆ ಎಷ್ಟು ಜನ ಮಕ್ಕಳು ಸಾರ್?”

“ಏಳು” ಎಂದರು ಗಂಗಾಧರಪ್ಪನವರು ಹೆಮ್ಮೆಯಿಂದ. ಆಮೇಲೆ ಗಡಿಯಾರ ನೋಡಿದರು. “ಅದು ನನ್ನ ಖಾಸಗಿ ವಿಷಯ. ಕಚೇರಿ ವೇಳೆಯಲ್ಲಿ ನನಗೆ ಮಕ್ಕಳಿಲ್ಲ.”

ಅವಳು ವಿಶ್ವವಿದ್ಯಾನಿಲಯಕ್ಕೆ ಎರಡನ್ನೂ ಒಯ್ದಳು, ನಮೂನೆಗಳನ್ನೂ ನೋಟ್‌ಬುಕ್‌ಗಳನ್ನೂ. ಪ್ರೊಫೆಸರರು ನೋಟ್‌ಬುಕ್‌ಗಳನ್ನು ಒಂದೇ ಪಟ್ಟಿಗೆ ಓದಿ ಮುಗಿಸಿದರು, ಇನ್ನೂ ಒಂದು ವಾರ ತಮ್ಮಲ್ಲೇ ಇರಲೆಂದು ಕೇಳಿದರು, ಹಿಂತಿರುಗಿಸುವಾಗ ಮೊದಲ ಬಾರಿ ಅವಳ ಮುಖ ನೋಡಿದರು.

“ಮೂವತ್ತು ವರ್ಷದಲ್ಲಿ ನಾನು ಇಂಥದ್ದನ್ನು ಓದಿಲ್ಲಮ್ಮ. ನನ್ನ ಹೆಂಡತಿಗೂ ಒಂದೆರಡು ಪುಟ ಓದಿ ಹೇಳಿದೆ. ಅವಳು ‘ಇದೆಲ್ಲ ನಿಮಗೆ ಗೊತ್ತಿರಲಿಲ್ಲವೇ?’ ಎಂದಳು.” ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. “ಆದರೆ ಮೊಹರಿಲ್ಲ. ನೀವು ನಮೂನೆಗಳ ಮೇಲೆ ಬರೆಯಿರಿ.”

ಅವಳು ಎರಡು ದಿನ ಊಟ ಬಿಟ್ಟು ಹಾಸ್ಟೆಲಿನ ಕೋಣೆಯಲ್ಲಿ ಕೂತಳು. ಬರೆಯದಿದ್ದರೆ ಪದವಿಯಿಲ್ಲ, ಪದವಿಯಿಲ್ಲದೆ ಹೋದರೆ, ಹೆಣ್ಣನ್ನು ಓದಿಸಿ ಏನಾಯಿತು ನೋಡಿ ಎಂದು ಮಂಡಿಯಲ್ಲಿ ನಗುವವರು ಇದ್ದೇ ಇದ್ದರು, ಅವಳ ಹಿಂದೆ ಓದಲು ಕಾದಿದ್ದ ಹುಡುಗಿಯರ ಬಾಗಿಲು ಮುಚ್ಚುತ್ತಿತ್ತು. ಮೂರನೆಯ ದಿನ ಅವಳು ‘ಎರಡು ತಾಲ್ಲೂಕುಗಳಲ್ಲಿ ಪ್ರಸ್ತುತ ವಿಷಯದ ಅಭಾವ’ ಎಂಬ ಪ್ರಬಂಧ ಬರೆದಳು. ನೂರಾ ತೊಂಬತ್ತೊಂಬತ್ತು ಜನರ ಏಳು ಸಾವಿರದ ಒಂಬೈನೂರ ಅರವತ್ತು ಉತ್ತರಗಳಲ್ಲಿ ಒಂದೂ ಬೇರೆಯಾಗಿಲ್ಲದಿರುವುದು ಮನೋವಿಜ್ಞಾನದಲ್ಲಿ ಅಪರೂಪವೆಂದು ಪರೀಕ್ಷಕರು ಕೊಂಡಾಡಿದರು. ಮೊದಲ ದರ್ಜೆ ಬಂತು, ಚಿನ್ನದ ಪದಕವೂ ಬಂತು. ವೀರಬಸಪ್ಪನವರು ಮಂಡಿಯಲ್ಲಿ ಸಕ್ಕರೆ ಹಂಚಿದರು. ಯಾವ ವಿಷಯಕ್ಕೆ ಎಂದು ಕೇಳಿದವರಿಗೆ “ಮನಶ್ಶಾಂತಿಗೆ” ಎಂದರು.

ವರದಿಯ ಒಂದು ಪ್ರತಿ ನಿಯಮದಂತೆ ಮೇಲಿನ ಕಚೇರಿಗೂ ಹೋಗಿತ್ತು. ಅಕ್ಟೋಬರಿನಲ್ಲಿ ಅಲ್ಲಿಂದ ಆದೇಶ ಬಂತು:

‘ಸದರಿ ತಾಲ್ಲೂಕುಗಳಲ್ಲಿ ಲೈಂಗಿಕತೆ ನಿಶ್ಶೇಷವಾಗಿ ಇಲ್ಲವೆಂದು ದೃಢಪಟ್ಟಿರುವುದರಿಂದಲೂ, ಅದಿಲ್ಲದೆ ಹೆರಿಗೆ ಸಂಭವಿಸದೆಂದು ವೈದ್ಯಕೀಯ ಸಲಹೆಗಾರರು ಅಭಿಪ್ರಾಯಪಟ್ಟಿರುವುದರಿಂದಲೂ, ಶಿರಾಳಕೊಪ್ಪಕ್ಕೆ ಮಂಜೂರಾಗಿದ್ದ ಆರು ಹಾಸಿಗೆಗಳ ಹೆರಿಗೆ ವಾರ್ಡನ್ನು ರದ್ದುಪಡಿಸಿ, ಲೈಂಗಿಕತೆ ಇರುವ ಬೇರೆ ತಾಲ್ಲೂಕಿಗೆ ಒದಗಿಸತಕ್ಕದ್ದು.’

ಸರ್ವರ್ ಬೀ ಅದನ್ನು ಕೇಳಿದ ದಿನವೇ ವೀರಬಸಪ್ಪನವರ ಮನೆಗೆ ಬಂದರು. ನೀಲಾಂಬಿಕ ಪದಕ ತೆಗೆದುಕೊಂಡು ಊರಿಗೆ ಬಂದಿದ್ದಳು. ಸರ್ವರ್ ಬೀ ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತರು.

“ಮೂರು ದಿನ ಹೇಳಿದ್ವಲ್ಲ ಬೇಟಿ. ನಮ್ಮ ಮಾತೆಲ್ಲ ಎಲ್ಲಿ ಹೋಯ್ತು?”

“ಮೊಹರಿಲ್ಲ ಅಂದ್ರು ಬೂಬಮ್ಮ” ಎಂದಳು ನೀಲಾಂಬಿಕ.

“ತಾಯಮ್ಮಂಗೆ ಎಂಟು ತಿಂಗಳು ತುಂಬ್ತಾ ಬಂತು. ಅವಳಿಗೆ ಯಾವ ಮೊಹರು ತೋರಿಸಲಿ?”

ಸರ್ವರ್ ಬೀ ಬೈದಿದ್ದರೆ ಅವಳು ಸಹಿಸುತ್ತಿದ್ದಳು. ಅವರು ಬೈಯಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ನೀಲಾಂಬಿಕ, ಸರ್ವರ್ ಬೀ, ರಾಜೇಶ್ವರಮ್ಮ ಮತ್ತು ಹದಿಮೂರು ಮಂದಿ ತುಂಬು ಬಸುರಿಯರು ಬೆಲ್ಲದ ಗೋದಾಮಿನ ಮೆಟ್ಟಿಲನ್ನು ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದರು. ಹತ್ತಲು ಅರ್ಧ ಗಂಟೆಯಾಯಿತು. ಬೆಂಚು ಸಾಲದೆ ಕೆಲವರು ಕಡತಗಳ ಮೇಲೆ ಕೂತರು.

ಗಂಗಾಧರಪ್ಪನವರು ತಲೆಯೆತ್ತಿದರು. “ಇವರೆಲ್ಲ ಯಾರು?”

“ಪುರಾವೆ” ಎಂದಳು ನೀಲಾಂಬಿಕ.

“ಪುರಾವೆಯನ್ನ ಲಿಖಿತವಾಗಿ ಕೊಡಬೇಕು.”

“ಲಿಖಿತವಾಗಿ ಕೊಟ್ಟಿದ್ದೆ ಸಾರ್, ಮೊಹರಿಲ್ಲ ಅಂದ್ರು. ಇವಕ್ಕೆ ಎಲ್ಲಿ ಬೇಕೋ ಅಲ್ಲಿ ಹಾಕಿ.”

ತಾಯಮ್ಮ ಎದ್ದು ಬಂದು ಮೇಜಿನ ಮುಂದೆ ನಿಂತಳು. ಗಂಗಾಧರಪ್ಪನವರು ಮೊಹರನ್ನು ಖಾನೆಯೊಳಗೆ ಹಾಕಿ ಬೀಗ ಹಾಕಿದರು. ಸೊರಬದ ಮೇಜಿನ ಆನಂದಪ್ಪನವರು ಎದ್ದು ನಿಂತು, ಇವರಲ್ಲಿ ಸೊರಬದವರು ಯಾರೂ ಇಲ್ಲವೆಂಬುದನ್ನು ದಾಖಲಿಸಬೇಕೆಂದು ಕೇಳಿಕೊಂಡರು. “ನನ್ನ ತವರು ಜಡೆ” ಎಂದಳು ಯಮುನಮ್ಮ. ಆನಂದಪ್ಪನವರು ಕೂತರು.

ಗದ್ದಲಕ್ಕೆ ವಿಶೇಷಾಧಿಕಾರಿಗಳು ಹೊರಬಂದರು. ಅವರು ಹದಿಮೂರು ಮಂದಿಯನ್ನೂ ನೋಡಿದರು. ಅವರು ಕೆಟ್ಟವರಲ್ಲ.

“ನಿಮ್ಮ ಕಷ್ಟ ಕಣ್ಣಿಗೆ ಕಾಣುತ್ತೆ” ಎಂದರು. “ಆದರೆ ಮೊಹರು ಬಿದ್ದ ವರದಿಯನ್ನ ತಿದ್ದೋಕೆ ಬರಲ್ಲ. ತಿದ್ದಿದರೆ ಮೊದಲಿನದು ಸುಳ್ಳು ಅಂತಾಗುತ್ತೆ. ಲೈಂಗಿಕತೆ ಇಲ್ಲ, ಅದು ತೀರ್ಮಾನ ಆಗಿದೆ. ಹೆರಿಗೆ ಆಗ್ತಿದೆ, ಅದೂ ಕಾಣ್ತಿದೆ. ಅಂದರೆ ಕಾರಣ ಇಲ್ಲದೆ ಆಗ್ತಿದೆ. ಗಂಗಾಧರಪ್ಪ, ಯಾವ ಕಾರಣವೂ ಇಲ್ಲದೆ ಒಂದು ಘಟನೆ ಆದರೆ ಅದನ್ನ ನಿಯಮದಲ್ಲಿ ಏನಂತಾರ್ರೀ?”

ಗಂಗಾಧರಪ್ಪನವರು ನಿಯಮದ ಪುಸ್ತಕ ತಿರುವತೊಡಗಿದರು. ನೀಲಾಂಬಿಕ ತಾಯಮ್ಮನ ಮುಖ ನೋಡಿದಳು. ಊದಿದ ಕಾಲು ನೋಡಿದಳು.

“ಆಕಸ್ಮಿಕ ಅಂತಾರೆ ಸಾರ್” ಎಂದಳು.

ವಿಶೇಷಾಧಿಕಾರಿಗಳ ಮುಖ ಅರಳಿತು. ಆಕಸ್ಮಿಕ ಗಾಯಾಳುಗಳ ವಾರ್ಡಿಗೆ ಪ್ರತ್ಯೇಕ ಮಂಜೂರಾತಿ ಇತ್ತು, ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅದರಲ್ಲಿ ಹಾಸಿಗೆ ಆರಲ್ಲ, ಎಂಟು. ಡಾಕ್ಟರೂ ನರ್ಸೂ ಇಬ್ಬರೂ ಇದ್ದರು. ಷರತ್ತು ಒಂದೇ: ಪ್ರತಿಯೊಂದು ಆಕಸ್ಮಿಕಕ್ಕೂ ಪೊಲೀಸ್ ಪಂಚನಾಮೆ ಆಗಬೇಕು.

ಡಿಸೆಂಬರ್ ಒಂದರಂದು ವಾರ್ಡು ತೆರೆಯಿತು. ಮೊದಲ ಆಕಸ್ಮಿಕ ತಾಯಮ್ಮನಿಗೆ, ಮೂರನೆಯ ತಾರೀಖು ಮಧ್ಯಾಹ್ನ. ಕಷ್ಟದ್ದೇ ಆಗಿತ್ತು, ಡಾಕ್ಟರು ಇದ್ದುದರಿಂದ ತಾಯಿಯೂ ಉಳಿದಳು, ಗಂಡು ಮಗುವೂ ಉಳಿಯಿತು. ಸರ್ವರ್ ಬೀ ಬಾಗಿಲ ಹೊರಗೆ ಗೋಡೆಗೆ ಮುಖವಿಟ್ಟು ಅತ್ತರು. ಹೆಡ್ ಕಾನ್‌ಸ್ಟೇಬಲ್ ಲೋಕಪ್ಪನವರು ಇಬ್ಬರು ಪಂಚರನ್ನು ಕರೆತಂದು, ತೊಟ್ಟಿಲ ಸುತ್ತ ಅಳತೆ ತೆಗೆದುಕೊಂಡು, ಘಟನೆಯನ್ನು ಬರೆದುಕೊಂಡರು.

ಎರಡನೆಯದು ಅಕ್ತರ್ ಬೀಯದು. ಅವಳ ಗಂಡ ಮಸ್ತಾನ್ ಸಾಬರು ಅಂಗಡಿಯಿಂದ ಟೇಪನ್ನು ಕುತ್ತಿಗೆಯಲ್ಲಿ ಹಾಕಿಕೊಂಡೇ ಓಡಿ ಬಂದಿದ್ದರು.

“ಘಟನೆ ನಡೆದಾಗ ನೀವು ಎಲ್ಲಿದ್ರಿ?” ಲೋಕಪ್ಪನವರು ಕೇಳಿದರು.

“ಯಾವ ಘಟನೆ ಸಾಹೇಬರೇ? ಇವತ್ತಿಂದೋ, ಮೊದಲಿಂದೋ?”

“ಇವತ್ತಿಂದು. ಮೊದಲಿನ ಘಟನೆ ನಮ್ಮ ತಾಲ್ಲೂಕಲ್ಲಿ ಇಲ್ಲ.”

“ಅಂಗಡೀಲಿದ್ದೆ.”

“ಯಾರ ಮೇಲಾದರೂ ಅನುಮಾನ ಇದೆಯಾ?”

ಮಸ್ತಾನ್ ಸಾಬರು ಕೈಯಲ್ಲಿದ್ದ ಮಿಠಾಯಿ ಪೊಟ್ಟಣ ಎತ್ತಿ ತೋರಿಸಿದರು. “ಇಲ್ಲ ಸಾಹೇಬರೇ. ಇದ್ದಿದ್ದರೆ ಮಿಠಾಯಿ ತರ್ತಿರಲಿಲ್ಲ.”

ಇಂಥ ಆಕಸ್ಮಿಕ ಮರುಕಳಿಸದಂತೆ ಎಚ್ಚರ ವಹಿಸುತ್ತೇನೆಂಬ ಮುಚ್ಚಳಿಕೆಗೆ ಅವರು ರುಜು ಹಾಕಿದರು. ಅವರು ಅಂಥ ಮುಚ್ಚಳಿಕೆಗಳನ್ನು ಮುಂದೆ ಇನ್ನೂ ಎರಡು ಬರೆದುಕೊಟ್ಟರು. ಸೊರಬದ ಕಡೆಯಿಂದಲೂ ಹೆಂಗಸರು ಬಸ್ಸಿನಲ್ಲಿ ಬರತೊಡಗಿದರು. ಒಂದೇ ಊರಿನಲ್ಲಿ ಇಷ್ಟು ಆಕಸ್ಮಿಕಗಳಾಗುವುದನ್ನು ಗಮನಿಸಿದ ರಸ್ತೆ ಇಲಾಖೆಯವರು ಊರ ಹೊರಗೆ ‘ಆಕಸ್ಮಿಕಗಳ ವಲಯ. ನಿಧಾನವಾಗಿ ಚಲಿಸಿ’ ಎಂದು ಹಲಗೆ ನೆಟ್ಟರು. ಹೊಸದಾಗಿ ಮದುವೆಯಾದವರನ್ನು ಕರೆದುಕೊಂಡು ಬರುವ ಗಾಡಿಗಳು ಅಲ್ಲಿ ನಿಧಾನ ಮಾಡಿಯೇ ಊರೊಳಗೆ ಬರುತ್ತಿದ್ದವು.

ಇದನ್ನೆಲ್ಲ ಯಾರೂ ವಿಚಿತ್ರವೆಂದು ತಿಳಿಯಲಿಲ್ಲ. ‘ನಮ್ಮ ಮನೇಲಿ ಮುಂದಿನ ತಿಂಗಳು ಆಕಸ್ಮಿಕ ಇದೆ’ ಎಂದು ಹೆಂಗಸರು ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಗಂಗಾಧರಪ್ಪನವರ ಎಂಟನೆಯ ಆಕಸ್ಮಿಕವೂ ಅಲ್ಲೇ ಆಯಿತು, ಭಾನುವಾರ, ಕಚೇರಿಗೆ ರಜೆಯಿದ್ದಾಗ.

ಐವತ್ತೊಂಬತ್ತರ ಫೆಬ್ರವರಿಯಲ್ಲಿ ನೀಲಾಂಬಿಕಳಿಗೆ ಮದುವೆಯಾಯಿತು. ಗಂಡ ಕಾಲೇಜಿನಲ್ಲಿ ಗಣಿತ ಹೇಳುವವನು. ಅವಳಿಗೂ ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಕೆಲಸ ಸಿಕ್ಕಿತು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಳು. ಡಿಸೆಂಬರಿನ ಒಂದು ಬೆಳಿಗ್ಗೆ ವಾರ್ಡಿಗೆ ಸೇರಿಸಿದಾಗ ನೋವು ಇನ್ನೂ ದೂರದೂರವಿತ್ತು. ಲೋಕಪ್ಪನವರು ಟೋಪಿ ತೆಗೆದು, ಕಂಕುಳಲ್ಲಿ ಕಾಗದಗಳೊಂದಿಗೆ ಹಾಸಿಗೆಯ ಪಕ್ಕ ನಿಂತರು.

“ತಪ್ಪು ತಿಳೀಬೇಡಿ ಮೇಡಂ. ನಿಯಮ. ಆಕಸ್ಮಿಕದ ಕಾರಣ ಏನು ಅಂತ ನೀವೇ ಬರೀಬೇಕು. ಓದು ಬಾರದವರಿಗೆ ನಾನೇ ಬರೆದುಕೊಡ್ತೀನಿ.”

ನೀಲಾಂಬಿಕ ಪೆನ್ನು ತೆಗೆದುಕೊಂಡಳು. ಆ ರಾಜ್ಯದಲ್ಲಿ ಆ ಕಾಲಂ ತುಂಬಲು ಪದವಿ ಪಡೆದಿದ್ದವಳು ಅವಳೊಬ್ಬಳೇ. ಅವಳು ಕಾಲಂ ಮೇಲೆ ಪೆನ್ನಿಟ್ಟು, ತೆಗೆದು, ಮತ್ತೆ ಇಟ್ಟಾಗ ಲೋಕಪ್ಪನವರು ಗಾಬರಿಯಾಗಿ ಸರ್ವರ್ ಬೀ ಕಡೆ ನೋಡಿದರು. ಪಕ್ಕದ ಏಳು ಹಾಸಿಗೆಗಳಲ್ಲಿ ಏಳು ಹೆಂಗಸರು ಮಲಗಿದ್ದರು. ಅವರಲ್ಲಿ ಒಬ್ಬಳ ಹೆರಿಗೆ ಆಗತಾನೆ ಮುಗಿದು, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

“ಬರೆದುಬಿಡು ಬೇಟಿ. ನೋವು ಬಂದ ಮೇಲೆ ಅಕ್ಷರ ನೆಟ್ಟಗೆ ಬರಲ್ಲ” ಎಂದರು ಸರ್ವರ್ ಬೀ.

ಅವಳು ‘ತಿಳಿದಿಲ್ಲ’ ಎಂದು ಬರೆದು ರುಜು ಹಾಕಿದಳು. ಲೋಕಪ್ಪನವರು ಉಸಿರು ಬಿಟ್ಟರು. “ಥ್ಯಾಂಕ್ಸ್ ಮೇಡಂ. ಓದಿದವರು, ಏನಾದರೂ ಬರೆದುಬಿಡ್ತೀರೇನೋ ಅಂತ ಹೆದರಿಕೆ ಇತ್ತು.”

ಸಂಜೆ ನಾಲ್ಕು ಗಂಟೆಗೆ ಹೆಣ್ಣು ಮಗುವಾಯಿತು. ವೀರಬಸಪ್ಪನವರೂ ಅಳಿಯನೂ ಪಂಚರಾಗಿ ನಿಂತರು. ಲೋಕಪ್ಪನವರು ಗಟ್ಟಿಯಾಗಿ ಓದಿದರು: ‘ಸ್ಥಳದಲ್ಲಿ ಹೆಣ್ಣು ಶಿಶು ಒಂದು ಕಂಡುಬಂದಿರುತ್ತದೆ. ತೂಕ ಆರು ಮುಕ್ಕಾಲು ಪೌಂಡು. ಬಲವಾಗಿ ಅಳುತ್ತಿರುತ್ತದೆ. ಕಾರಣ ತಿಳಿದುಬಂದಿರುವುದಿಲ್ಲ. ಯಾರ ಮೇಲೂ ಅನುಮಾನವಿರುವುದಿಲ್ಲ.’ ಅಳಿಯ ರುಜು ಹಾಕಿದ, ಮಾವ ರುಜು ಹಾಕಿದರು, ಲೋಕಪ್ಪನವರು ಪೇಡೆ ತೆಗೆದುಕೊಂಡರು.

ನೀಲಾಂಬಿಕ ಕಾಗದವನ್ನು ಕೇಳಿ ತರಿಸಿಕೊಂಡಳು. ಮಗುವನ್ನು ಎಡಗೈಗೆ ಸರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ತಾರೀಖು ಒಂದು ದಿನ ಹಿಂದೆ ಬಿದ್ದಿದೆಯೆಂದು ಬೆರಳಿಟ್ಟು ತೋರಿಸಿದಳು. ಲೋಕಪ್ಪನವರು ಅಲ್ಲಿಯೇ ತಿದ್ದಿದರು. ಉಳಿದದ್ದೆಲ್ಲ ಸರಿಯಾಗಿತ್ತು.